ದಾಟಿದ ಮೇಲೆ ಕಹಿ

ನಿನ್ನೆ ಸೋಮವಾರ ಕುರುಗೋಡಿನಿಂದ ಬಳ್ಳಾರಿಯ ನಮ್ಮ ಕಾಲೇಜಿಗೆ ಒಂದು ಡಜನ್ ನಾಟಿ ಕೋಳಿ ಮೊಟ್ಟೆ ಬಂದವು. ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿ, ಹುಲಿಗೆಮ್ಮನ ತೊಡೆಯ ಮೇಲೆ ಕೂತು, ಬಸ್ಸಿನಲ್ಲಿ ಒಂದೂ ಒಡೆಯದೆ ಬಂದವು. ಅವುಗಳ ಹಿಂದೆಯೇ ಸರ್ ತೀರಿಕೊಂಡ ಸುದ್ದಿಯೂ ಬಂತು. ಹುಲಿಗೆಮ್ಮ ಮೊದಲು ಮೊಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಾಸ್ತರ ಹೋಗಿ ಒಂಬತ್ತು ದಿನ ಆತ್ರಿ. ತತ್ತಿ ಮಾತ್ರ ಅವ್ರು ಹೇಳಿದ ದಿನಾನ ತಂದೀನಿ," ಎಂದಳು.

ಆ ಮೊಟ್ಟೆಗಳು ಯಾರಿಗೂ ಬೇಕಾಗಿರಲಿಲ್ಲ. ಕೋಳಿ ಭ್ರೂಣದ ಪ್ರಯೋಗ ಪಠ್ಯದಿಂದ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ನಾಲ್ಕು ವರ್ಷಗಳಿಂದ, ವರ್ಷಕ್ಕೊಮ್ಮೆ, ಸರ್ ಅವನ್ನು ಕಳಿಸುತ್ತಲೇ ಇದ್ದರು. ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್ ಖಾಜಾಸಾಬ್ ಅವನ್ನು ಇಸಿದುಕೊಂಡು ಆಮ್ಲೆಟ್ ಮಾಡುತ್ತಿದ್ದ. ನಾನೂ ತಿಂದಿದ್ದೇನೆ. ಆದರೆ ಒಂದು ಸಲವೂ ತಟ್ಟೆ ಖಾಲಿ ಮಾಡಲಿಲ್ಲ. ಅದು ಮೊಟ್ಟೆಯ ದೋಷವಲ್ಲ.

ನಾನು ಈ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವನೆಂದು ಹೆಸರು ಪಡೆದವನು. ಸರ್ ಪ್ರಾಣಿಶಾಸ್ತ್ರದವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಫೋನ್ ಮಾಡಿ ತಮ್ಮ ತಮ್ಮ ಕಥೆ ಶುರುಮಾಡುತ್ತಾರೆ, ನನಗೆ ನನ್ನವೇ ಸಾಕಾಗಿವೆ.

ಅವರು ನನಗೆ ಗಂಟುಬಿದ್ದದ್ದು ಒಂದು ಸಂಸ್ಕೃತ ಶಬ್ದದಿಂದ. ನಾನು ಕೆಲಸಕ್ಕೆ ಸೇರಿದ ಹೊಸದು. ಕ್ಲಾಸಿಗೆ ಹೊರಟು ನಿಂತಿದ್ದೆ. ಒಬ್ಬರು ತೆಳ್ಳಗೆ, ಉದ್ದಕ್ಕೆ, ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡವರು ಬಾಗಿಲಿಗೆ ಅಡ್ಡ ನಿಂತರು.

"ಕನ್ನಡದವರು ನೀವೇನ್ರಿ? ನೇತೃ ಅಂದ್ರ ಏನು?"

"ಮುಂದೆ ನಿಂತು ದಾರಿ ತೋರಿಸುವವನು," ಎಂದೆ.

"ಹಾಂ! ನಂಬತೀರಾ? ಮಿದುಳಿನ ಒಳಗ ಒಂದು ಅಣು ಐತಿ, ಅದಕ್ಕ ಈ ಶಬ್ದದ ಮ್ಯಾಲ ಹೆಸರಿಟ್ಟಾರ. ನೆಟ್ರಿನ್! ಕೂಡ್ರಿ, ಹೇಳ್ತೀನಿ."

ಕೂತೆ. ನನ್ನ ಕ್ಲಾಸು ಹೋಯಿತು. ತಾಯಿಯ ಹೊಟ್ಟೆಯಲ್ಲೋ ಮೊಟ್ಟೆಯ ಒಳಗೋ ಮಿದುಳು ಬೆಳೆಯುವಾಗ, ಆಗತಾನೆ ಹುಟ್ಟಿದ ನರಕೋಶವೊಂದು ನೂಲಿನಂಥ ಒಂದು ತಂತುವನ್ನು ಹೊರಗೆ ಚಾಚುತ್ತದಂತೆ. ಆ ತಂತುವಿನ ತುದಿಯಲ್ಲಿ ಪುಟ್ಟ ಅಂಗೈಯಂಥದ್ದು ಇರುತ್ತದಂತೆ, ಅದಕ್ಕೆ ಬೆರಳುಗಳೂ ಇರುತ್ತವಂತೆ. ಅದು ಕತ್ತಲಲ್ಲಿ ತಡವರಿಸುತ್ತ ಹೋಗುತ್ತದೆ. ದಾರಿಯಲ್ಲಿರುವ ಕೆಲವು ಕೋಶಗಳು "ಬಾ" ಎನ್ನುವ ಅಣುಗಳನ್ನು ಚೆಲ್ಲುತ್ತವೆ, ಕೆಲವು "ಬರಬೇಡ" ಎನ್ನುವ ಅಣುಗಳನ್ನು ಚೆಲ್ಲುತ್ತವೆ. ಹೀಗೆ ಬಾ, ಬರಬೇಡ ಅನ್ನಿಸಿಕೊಳ್ಳುತ್ತ ಕಣ್ಣಿನಿಂದ ಹೊರಟದ್ದು ಮಿದುಳಿಗೆ, ಬೆನ್ನುಹುರಿಯಿಂದ ಹೊರಟದ್ದು ಕಾಲ ಬೆರಳಿಗೆ ಸರಿಯಾಗಿ ಮುಟ್ಟುತ್ತದೆ.

"ಯಾರೂ ನಕ್ಷೆ ಕೊಟ್ಟಿಲ್ರೀ! ವಾಸನಿ ಹಿಡಕೊಂಡು ಹೋದಂಗ ಹೋಗ್ತಾವು. ನಾವು ನೀವು ಇಲ್ಲಿ ಕೂತು ಮಾತಾಡಾಕತ್ತೀವಂದ್ರ, ಯಾವುದೋ ಕಾಲದಾಗ ಕೋಟಿಗಟ್ಟಲೆ ತಂತುಗಳು ದಾರಿ ತಪ್ಪದ ಮನಿ ಮುಟ್ಟ್ಯಾವು ಅಂತ ಅರ್ಥ," ಎಂದು ಅವರು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಈ ಮನುಷ್ಯ ಒಂದೋ ದೊಡ್ಡ ಪಂಡಿತ, ಇಲ್ಲವೇ ಹುಚ್ಚ ಅಂದುಕೊಂಡೆ. ಹನ್ನೊಂದು ವರ್ಷ ಜೊತೆಗಿದ್ದ ಮೇಲೆ ಗೊತ್ತಾಯಿತು, ನಡುವೆ "ಇಲ್ಲವೇ" ಬೇಕಾಗಿರಲಿಲ್ಲ.

ಈ ಹುಚ್ಚು ಹತ್ತಿದ್ದು ಸಿರುಗುಪ್ಪದಲ್ಲಿ. ಅದು ಅವರ ಹುಟ್ಟೂರು. ಆರು ವರ್ಷದವರಿದ್ದಾಗ ಅಕ್ಕನ ಕೈ ಬಿಡಿಸಿಕೊಂಡು ಹೊಳೆಯ ದಂಡೆಗೆ ಹೋಗಿ ದಾರಿ ತಪ್ಪಿಸಿಕೊಂಡರಂತೆ. ಮನೆ ಇದ್ದದ್ದು ಅಕ್ಕಿ ಮಿಲ್ಲಿನ ಹಿಂದೆ. ಕುದಿಸಿದ ಭತ್ತದ ವಾಸನೆ ಹಿಡಿದು ಹೋದರಾಯಿತು ಎಂದು ಹೊರಟರು. ಮುಟ್ಟಿದ್ದು ಬೇರೆ ಮಿಲ್ಲು. ಸಿರುಗುಪ್ಪದಲ್ಲಿ ಮಿಲ್ಲುಗಳಿಗೇನು ಬರ! ಆ ಮಿಲ್ಲಿನವರು ಅನ್ನ ಹಾಕಿ, ಮಲಗಿಸಿ, ಸಂಜೆ ಮನೆಗೆ ಕಳಿಸಿದರು. ಅಕ್ಕ ಬೆನ್ನಿಗೆ ಎರಡು ಕೊಟ್ಟು ಒಂದು ಮಾತು ಹೇಳಿದಳಂತೆ: "ನಮ್ಮ ಮಿಲ್ಲಿಗೆ ಬರೋ ಹಾದ್ಯಾಗ ಮೀನು ಒಣ ಹಾಕೋದಿಲ್ಲ. ಮೀನಿನ ನಾತ ಬಂದ ಕೂಡ್ಲೆ ಹಿಂದಕ್ಕ ತಿರುಗಬೇಕಿಲ್ಲೇನಲೇ?"

"ಅಕ್ಕ ನಾಲ್ಕನೇ ಇಯತ್ತೆ ಓದಿದಾಕಿ," ಎನ್ನುತ್ತಿದ್ದರು ಸರ್. "ಬಾ ಅನ್ನೋದು ಒಂದಿದ್ರ ಸಾಲಂಗಿಲ್ಲ, ಬ್ಯಾಡ ಅನ್ನೋದೂ ಬೇಕು. ವಿಜ್ಞಾನಿಗಳಿಗೆ ಇದು ತಿಳಿಯಾಕ ಭಾಳ ವರ್ಷ ಹಿಡೀತು."

ಅವರು ಯಾರಿಗೂ ರಸ್ತೆಯ ಹೆಸರು ಹೇಳಿ ದಾರಿ ತೋರಿಸಿದವರಲ್ಲ. ಹೊಸದಾಗಿ ಬಂದ ಗಣಿತದ ಮೇಷ್ಟ್ರು ಒಮ್ಮೆ ಸತ್ಯನಾರಾಯಣಪೇಟೆಗೆ ಹೇಗೆ ಹೋಗಬೇಕೆಂದು ಕೇಳಿದರು. "ಸೀದಾ ಹೋಗ್ರಿ. ಒಗ್ಗರಣಿ, ಮಿರ್ಚಿ ವಾಸನಿ ಬಂದಲ್ಲಿ ಎಡಕ್ಕ ಹೊಳ್ಳ್ರಿ. ಗ್ರೀಸ್ ವಾಸನಿ ಬಂತೋ, ತಪ್ಪೈತಿ ಅಂತ ತಿಳೀರಿ. ಊದಿನಕಡ್ಡಿ ವಾಸನಿ ಬಂದ ಮ್ಯಾಲ ಯಾರನ್ನೂ ಕೇಳಬ್ಯಾಡ್ರಿ, ಬಂದೀರಿ," ಎಂದರು ಸರ್. ಪಾಪ, ಗಣಿತದವರಿಗೆ ಅವತ್ತು ನೆಗಡಿ. ಬಿಸಿಲಲ್ಲಿ ಎರಡು ತಾಸು ನಡೆದು ಕಂಟೋನ್ಮೆಂಟ್ ಮುಟ್ಟಿದರು. ಮರುದಿನ ಸರ್ ಆ ಗಣಿತದವರನ್ನೇ ಕ್ಲಾಸಿಗೆ ಕರೆದೊಯ್ದು, "ನೋಡ್ರಿ, ಸಂದೇಶ ಇದ್ದರೂ ಅದನ್ನ ಹಿಡಿಯೋ ಗ್ರಾಹಿ ಕಟ್ಟಿಹೋದ್ರ ಹಿಂಗಾಗತೈತಿ," ಎಂದು ಹುಡುಗರಿಗೆ ತೋರಿಸಿದರು. ಗಣಿತದವರು ಆ ವರ್ಷವೆಲ್ಲ ನಮ್ಮ ಕೋಣೆಯಲ್ಲಿ ಚಹಾ ಕುಡಿಯಲಿಲ್ಲ.

ಆದರೆ ಅವರ ದೊಡ್ಡ ಪೇಚು ಮೊಟ್ಟೆಯದು. ಮೊಟ್ಟೆಗೆ ಎರಡು ದಿನ ಕಾವು ಕೊಟ್ಟು, ಒಡೆದು, ಅದರೊಳಗೆ ಮೂಡುತ್ತಿರುವ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವ ಪ್ರಯೋಗ. ಆಗ ಖಾಜಾಸಾಬ್ ಹೊಸಬ. ಗಾಂಧಿನಗರದ ಅಂಗಡಿಯಿಂದ ಮೊಟ್ಟೆ ತಂದ. ಸರ್ ಅವನ್ನು ಕಾವುಪೆಟ್ಟಿಗೆಯಲ್ಲಿಟ್ಟು, ಎರಡು ದಿನ ಬಿಟ್ಟು ಒಡೆದರು. ಹಳದಿ ಭಾಗ ಹಳದಿಯಾಗಿಯೇ ಇತ್ತು. ಪೆಟ್ಟಿಗೆಯ ಉಷ್ಣಾಂಶ ತಪ್ಪಿರಬೇಕೆಂದು ಥರ್ಮಾಮೀಟರ್ ಬದಲಿಸಿದರು. ಮತ್ತೆ ಒಡೆದರು. ನೀರಿನ ದೋಷವೆಂದು ನೀರು ಬದಲಿಸಿದರು. ಕರೆಂಟಿನ ದೋಷವೇ? ಅದೂ ಅಲ್ಲ. ಬಳ್ಳಾರಿಯಲ್ಲಿ ಕರೆಂಟು ಹೋದರೂ ಪೆಟ್ಟಿಗೆ ತಣ್ಣಗಾಗುವುದಿಲ್ಲ, ಹೊರಗೂ ಅದೇ ಕಾವು. ಐದು ವಾರ ಮೊಟ್ಟೆ ಒಡೆದರು. ಅಷ್ಟೂ ದಿನ ಖಾಜಾಸಾಬನ ಮನೆಯಲ್ಲಿ ಬಿರಿಯಾನಿಗೆ ಮೊಟ್ಟೆಯ ಕೊರತೆ ಆಗಲಿಲ್ಲ. ಕಡೆಗೆ ಸರ್, ಆರಂಭದ ಸಂದೇಶವೇ ಈ ಮೊಟ್ಟೆಗಳಲ್ಲಿ ಮೌನವಾಗಿದೆ ಎಂದು ನಾಲ್ಕು ಪುಟದ ವರದಿ ಬರೆದು ನನಗೆ ಕನ್ನಡ ತಿದ್ದಲು ಕೊಟ್ಟರು. ನಾನು ಎರಡು ಕಾಗುಣಿತ ತಿದ್ದಿ, ಚೆನ್ನಾಗಿದೆ ಎಂದೆ.

ಆ ವಾರವೇ ಹುಲಿಗೆಮ್ಮ ಕಾಲೇಜಿನ ಗೇಟಿನ ಹತ್ತಿರ ನಾಟಿ ಮೊಟ್ಟೆ ಮಾರಲು ಬಂದು ಕೂತಿದ್ದಳು. ಕುರುಗೋಡಿನ ಹೆಂಗಸು, ಕೋಳಿ ಸಾಕಿ ಬದುಕುವವಳು. ಸರ್ ತಮ್ಮ ಸಂಕಟವನ್ನು ಅವಳಿಗೂ ವಿವರಿಸಿದರು. ಯಾರು ಸಿಕ್ಕರೂ ವಿವರಿಸುವ ಕಾಲ ಅದು. ಅವಳು ಅಂಗಡಿಯ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು.

"ಇದು ಜಾಲರ್ಯಾಗ ಕೂಡಿಟ್ಟ ಕೋಳಿ ತತ್ತಿ ಅಲ್ಲೇನ್ರಿ? ಹುಂಜ ಇಲ್ದ ಇಟ್ಟ ತತ್ತಿ ಎಲ್ಲಿ ಮರಿ ಆಗತೈತ್ರೀ ಸರ್?"

ಸರ್ ಮೊಟ್ಟೆಯನ್ನು ವಾಪಸು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಗೇಟಿನ ಕಂಬಕ್ಕೆ ಒರಗಿ ನಗತೊಡಗಿದರು. ಕ್ಲಾಸಿಗೆ ಹೋಗಿ ನಕ್ಕರು, ಪ್ರಾಂಶುಪಾಲರ ಕೋಣೆಯಲ್ಲಿ ನಕ್ಕರು, ತಮ್ಮ ವರದಿಯನ್ನು ತಾವೇ ಗಟ್ಟಿಯಾಗಿ ಓದಿ ನಕ್ಕರು. ಡಾಕ್ಟರೇಟ್ ಮಾಡಿದ ಮನುಷ್ಯ ಹುಂಜವನ್ನು ಮರೆತಿದ್ದರು, ನಾನು ಕಾಗುಣಿತ ತಿದ್ದಿದ್ದೆ. ಅವತ್ತಿನಿಂದ ಅವರು ಹುಲಿಗೆಮ್ಮನನ್ನು "ನಮ್ಮ ವಿಭಾಗದ ಮುಖ್ಯಸ್ಥರು" ಎಂದೇ ಎಲ್ಲರಿಗೂ ಪರಿಚಯಿಸುತ್ತಿದ್ದರು. ತಮಾಷೆಗಲ್ಲ. ಅವಳು ಬಂದರೆ ತಮ್ಮ ಕುರ್ಚಿ ಬಿಟ್ಟು ಏಳುತ್ತಿದ್ದರು.

ಮೈದಾನದ ಪಾಠವನ್ನೂ ಹೇಳಬೇಕು, ಅದು ಮುಂದೆ ಬರುತ್ತದೆ. ಹುಡುಗರ ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಮುಂದೆ ಚಾಚಿಸಿ, ಮೈದಾನದಲ್ಲಿ ಬಿಡುತ್ತಿದ್ದರು. ಪ್ರತಿಯೊಬ್ಬನೂ ಒಂದು ನರತಂತು. ಒಂದು ತುದಿಯಲ್ಲಿ ಖಾಜಾಸಾಬ್ ಬಿಸಿ ಮಿರ್ಚಿ ಬಜ್ಜಿಯ ತಟ್ಟೆ ಹಿಡಿದು ನಿಲ್ಲಬೇಕು, ಅಕ್ಕಪಕ್ಕದಲ್ಲಿ ಫಿನಾಯಿಲ್ ಬಕೆಟ್ಟು. ಬಜ್ಜಿಯ ಕಡೆ ಹೋಗಬೇಕು, ಫಿನಾಯಿಲ್ ಬಂದರೆ ತಿರುಗಬೇಕು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು, ಮುಗ್ಗರಿಸಿ, ಕಡೆಗೆ ಹೇಗೋ ತಟ್ಟೆ ಮುಟ್ಟುತ್ತಿದ್ದರು. ಒಬ್ಬ ಮಾತ್ರ ಗೇಟು ದಾಟಿ ಹೊರಗೇ ಹೋದ. ಹುಡುಕಿದರೆ ಸರ್ಕಲ್ಲಿನ ಬಜ್ಜಿ ಬಂಡಿಯ ಮುಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ, ಎರಡನೇ ಪ್ಲೇಟು ತಿನ್ನುತ್ತಿದ್ದ. ಸರ್ ಅವನಿಗೆ ಹತ್ತಕ್ಕೆ ಹತ್ತು ಕೊಟ್ಟರು.

ಆ ಬಂಡಿಯ ಚಪಲ ಸರ್‌ಗೂ ಇತ್ತು. ಕಾಲೇಜಿನ ಗೇಟಿನಿಂದ ಕಾಣುವ ಸರ್ಕಲ್ ಅದು. ಅವರ ಸ್ಕೂಟರಿನ ಹಿಂದೆ ಕೂತು ನಾನು ಎಷ್ಟೋ ಸಲ ಮನೆಗೆ ಹೋಗಿದ್ದೇನೆ. ಸರ್ಕಲ್ ಬಂದ ಕೂಡಲೇ ಬಜ್ಜಿಯ ವಾಸನೆ. ಸರ್ ಒಂದು ಸುತ್ತು ಹಾಕುತ್ತಿದ್ದರು, ನಿಲ್ಲಿಸುವುದೋ ಬೇಡವೋ ಎಂದು ಇನ್ನೊಂದು ಸುತ್ತು, ಹೊಟ್ಟೆ ಕೆಟ್ಟೀತೆಂದು ಮತ್ತೊಂದು ಸುತ್ತು. ಪೊಲೀಸ್ ಪೇದೆ ನಮ್ಮನ್ನು ನೋಡಿ ಕೈ ಮುಗಿಯುತ್ತಿದ್ದ.

"ಸರ್, ಒಂದು ಕಡೆ ಹೋಗ್ರಿ! ತಲಿ ತಿರಗತೈತಿ," ಎಂದು ನಾನು ಬೆನ್ನಿಗೆ ಗುದ್ದಿದರೆ, ಸುತ್ತುತ್ತಲೇ ಪಾಠ ಶುರು.

"ಇದೂ ಹಂಗ ಐತ್ರಿ. ಬೆನ್ನುಹುರ್ಯಾಗ ನಟ್ಟನಡುವೆ ಒಂದು ಗೆರಿ. ಎಡಕಿನ ಕೆಲವು ತಂತು ಅದನ್ನ ದಾಟಿ ಬಲಕ್ಕ ಹೋಗಬೇಕು. ಗೆರಿ ಅವನ್ನ ಬಾ, ಬಾ ಅಂತ ಕರೀತೈತಿ. ಅಷ್ಟು ರುಚಿ ಇರೋ ಜಾಗ ಬಿಟ್ಟು ಮುಂದಕ್ಕ ಹೆಂಗ ಹೋಗಬೇಕು?"

"ಹೆಂಗ?"

"ದಾಟಿದ ಮ್ಯಾಲ ಅದ ಗೆರಿ ಅವಕ್ಕ ಕಹಿ ಆಗತೈತಿ! ದಾಟೋ ತನಕ ಸಿಹಿ, ದಾಟಿದ ಮ್ಯಾಲ ಕಹಿ. ಆ ಕಹಿ ತಿಳಿಯೋ ಶಕ್ತಿ ಇಲ್ಲದ ನೊಣದ ಮರಿಗಳನ್ನ ನೋಡ್ಯಾರ. ಅವುಗಳ ತಂತು ಸುಮ್ಮನ ನಡುವ ಸುತ್ತತಾವು, ಹಿಂಗ, ನಮ್ಮಂಗ. ಆ ಜೀನಿಗೆ ವಿಜ್ಞಾನಿಗಳು ಸರ್ಕಲ್ ಅಂತಾನ ಹೆಸರಿಟ್ಟಾರ, ಅವರ ಇಂಗ್ಲಿಷಿನ್ಯಾಗ ರೌಂಡಬೌಟ್."

ನಾಲ್ಕನೇ ಸುತ್ತಿಗೆ ನಿಲ್ಲಿಸಿ ಬಜ್ಜಿ ತಿಂದೆವು. ತಿನ್ನದೆ ಒಂದು ದಿನವೂ ಹೋದದ್ದಿಲ್ಲ.

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡು ಮಾತು ಹೇಳಿ ಎಂದರೆ ಮುಕ್ಕಾಲು ತಾಸು ಮಾತಾಡಿದರು. ಅದರಲ್ಲಿ ಇಷ್ಟೇ ನನಗೆ ನೆನಪಿರುವುದು. "ಮಿದುಳು ಬೆಳೆಯೋವಾಗ ಬೇಕಾದ್ದಕ್ಕಿಂತ ಹೆಚ್ಚು ಕೋಶ ಹುಟ್ಟತಾವು. ದಾರಿ ಹಿಡಿದು ಗುರಿ ಮುಟ್ಟಿದ್ರೂ ಸಾಲಂಗಿಲ್ಲ. ಅಲ್ಲಿದ್ದವರು 'ಇರು' ಅಂತ ಒಂದು ತುತ್ತು ಕೊಡಬೇಕು. ಕೊಡಲಿಲ್ಲಂದ್ರ ಸಾಯ್ತಾವು. ಕೆಲವು ಕಡೆ ಅರ್ಧಕ್ಕರ್ಧ ಹಿಂಗ ಹೋಗ್ತಾವು." ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು. ಕುರುಗೋಡಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆಮ್ಮ ಒಬ್ಬಳೇ ತಲೆಯಾಡಿಸಿದಳು.

ಸಭೆ ಮುಗಿದ ಮೇಲೆ ಅವರು ನನ್ನನ್ನು ಕೋಣೆಯ ಮೂಲೆಗೆ ಕರೆದರು. ಕುರುಗೋಡಿನಲ್ಲಿ ಹುಲಿಗೆಮ್ಮನ ಕೋಳಿಗೂಡಿನ ಹಿಂದೆ ಒಂದು ಖಾಲಿ ಕೋಣೆ ಇತ್ತು. ಅಲ್ಲಿ ಊರಿನ ಹುಡುಗ ಹುಡುಗಿಯರಿಗೆ ಸಾಲೆ ಬಿಟ್ಟ ಮೇಲೆ ವಿಜ್ಞಾನ ಹೇಳಿಕೊಡುವುದಾಗಿ ಮಾತು ಕೊಟ್ಟಿದ್ದರು. ಪಕ್ಕದಲ್ಲೇ ಬಾಡಿಗೆಗೆ ಮನೆಯನ್ನೂ ಹಿಡಿದಿದ್ದರು. ಹೆಂಡತಿ ಮಕ್ಕಳ ಸಂಸಾರ ಕಟ್ಟಿಕೊಂಡವರಲ್ಲ. ಹೋಗುವುದಕ್ಕೆ ತಡೆ ಏನೂ ಇರಲಿಲ್ಲ, ತಮ್ಮ ಬುದ್ಧಿಯೊಂದನ್ನು ಬಿಟ್ಟು.

"ನಾನು ಮತ್ತ ಇಲ್ಲಿಗೆ ಬರ್ತೀನಿ. ನನಗ ಗೊತ್ತೈತಿ. ಮೂವತ್ತು ವರ್ಷದ ರುಚಿ. ನಾನು ಬಂದಾಗ ನೀವು ಕಹಿ ಆಗಬೇಕು."

"ನಾನಾ? ಯಾಕೆ ಸರ್?"

"ಈ ಕಾಲೇಜಿನ್ಯಾಗ ನಾಲಿಗಿ ಕಹಿ ಇರೋರು ನೀವೊಬ್ರ ಅಲ್ಲೇನ್ರಿ! ಚಾ ಕೊಡಬ್ಯಾಡ್ರಿ. ಕೂಡ್ರಿ ಅನಬ್ಯಾಡ್ರಿ. ಬೈದು ಕಳಸ್ರಿ. ಇಲ್ಲಂದ್ರ ನಾನು ಸರ್ಕಲ್ ಸುತ್ತಕೋತನ ಸಾಯ್ತೀನಿ, ಕುರುಗೋಡು ಮುಟ್ಟಂಗಿಲ್ಲ."

ಆಗಲಿ ಎಂದೆ. ಮರುದಿನ ಹತ್ತು ಗಂಟೆಗೆ ಸರಿಯಾಗಿ ಅವರು ತಮ್ಮ ಕುರ್ಚಿಯಲ್ಲಿದ್ದರು.

ನಾನು ಬೈದೆ. ಸತ್ಯವಾಗಿಯೂ ಪ್ರಯತ್ನಪಟ್ಟೆ. ಆದರೆ ನನಗೆ ನಾಟಕ ಬರುವುದಿಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ರಾಜನ ಪಾತ್ರ ಮಾಡಿದಾಗ, ಮಂತ್ರಿಯ ಮೇಲೆ ಆರ್ಭಟಿಸುವ ಹೊತ್ತಿಗೆ ಮೀಸೆ ಉದುರಿ, "ಕ್ಷಮಿಸಿ" ಎಂದು ಮಂತ್ರಿಗೇ ಹೇಳಿ ಹೆಕ್ಕಿಕೊಂಡವನು ನಾನು. ಸರ್ ಅವತ್ತು ಮುಂದಿನ ಸಾಲಿನಲ್ಲಿದ್ದರು. ಈಗ ನಾನು ಹುಬ್ಬು ಗಂಟಿಕ್ಕಿ, "ಯಾಕೆ ಬಂದಿರಿ ಸರ್?" ಎಂದರೆ, ಅವರು ತಲೆ ಓರೆ ಮಾಡಿ ರುಚಿ ನೋಡಿದವರಂತೆ, "ಊಹೂಂ, ಇದರಾಗ ಕಹಿ ಇಲ್ಲ, ಬರೇ ಉಪ್ಪೈತಿ," ಎನ್ನುತ್ತಿದ್ದರು. ಅಷ್ಟರಲ್ಲಿ ಖಾಜಾಸಾಬ್ ಚಹಾ ತಂದಿಟ್ಟಿರುತ್ತಿದ್ದ. ಎರಡು ತಿಂಗಳು ಹೀಗೇ ಹೋಯಿತು. ದಿನಾ ಬೆಳಿಗ್ಗೆ ಕುರುಗೋಡಿಗೆಂದು ಹೊರಡುವುದು, ಸರ್ಕಲ್ ಸುತ್ತುವುದು, ಕಾಲೇಜಿಗೆ ಬರುವುದು. ನನಗೂ ಒಳಗೊಳಗೇ ಹಿತವಾಗಿತ್ತೆಂದು ಹೇಳಿಬಿಡುತ್ತೇನೆ. ಅವರಿಲ್ಲದ ಕೋಣೆಯನ್ನು ನೆನೆಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಒಂದು ಸಂಜೆ ಹುಲಿಗೆಮ್ಮ ಖಾಜಾಸಾಬನಿಗೆ ಫೋನ್ ಮಾಡಿದಳು. ಅವನು ನನಗೂ ಕೇಳಿಸಿದ. "ಹುಡುಗರು ಕೋಳಿ ಕೆಳಗ ತತ್ತಿ ಇಟ್ಟು ಎರಡು ದಿನ ಕಾದಾರ್ರಿ. ಇವತ್ತ ಒಡೆದು ತೋರಸ್ತೀನಿ ಅಂದಿದ್ರು ಮಾಸ್ತರ. ಹೊತ್ತು ಮುಣುಗೋ ತನಕ ಬುಟ್ಟಿ ಮುಂದ ಕುಂತಿದ್ವು. ಅವ್ರೇನು ಅಲ್ಲೇ ಅದಾರೇನ್ರಿ?" ಸರ್ ಆಗ ನಮ್ಮ ಎದುರಿಗೇ ಕೂತು ಬಿಸ್ಕತ್ತು ಅದ್ದುತ್ತಿದ್ದರು. ಫೋನಿನ ಮಾತು ಮುಗಿಯುವಷ್ಟರಲ್ಲಿ ಬಿಸ್ಕತ್ತು ಚಹಾದಲ್ಲಿ ಮುಳುಗಿತು. "ನಾಳೆ ಹೋಗ್ತೀನಿ," ಎಂದರು. ಮರುದಿನವೂ ಇಲ್ಲಿಗೇ ಬಂದರು.

ಆಮೇಲೆ ತಪಾಸಣಾ ಸಮಿತಿ ಬಂದ ದಿನ. ಮೂವರು ಹಿರಿಯರು ಕಾಲೇಜಿನ ಗುಣಮಟ್ಟ ಅಳೆಯಲು ಬಂದಿದ್ದರು. ಅದರ ಕಡತಗಳನ್ನೆಲ್ಲ ಎಂಟು ತಿಂಗಳು ಕೂತು ಸಿದ್ಧಮಾಡಿದವನು ನಾನು. ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಮಧ್ಯಾಹ್ನ ಅಧ್ಯಕ್ಷರು ಎಲ್ಲೂ ಕಾಣಲಿಲ್ಲ. ಓಡಿಹೋಗಿ ನೋಡುತ್ತೇನೆ, ಮೈದಾನದ ನಡುವೆ, ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು, ಕೈ ಮುಂದೆ ಚಾಚಿಕೊಂಡು ಅಧ್ಯಕ್ಷರು ನಡೆಯುತ್ತಿದ್ದಾರೆ! ದೂರದಲ್ಲಿ ಖಾಜಾಸಾಬ್ ಬಜ್ಜಿಯ ತಟ್ಟೆ ಹಿಡಿದು ಅಳುಮುಖ ಮಾಡಿ ನಿಂತಿದ್ದಾನೆ. ಪಕ್ಕದಲ್ಲಿ ಸರ್, "ಬರ್ರಿ, ಬರ್ರಿ, ಬೆರಳು ಅಗಲ ಮಾಡ್ರಿ," ಎಂದು ಹುರಿದುಂಬಿಸುತ್ತಿದ್ದಾರೆ. ಬಜ್ಜಿಯ ವಾಸನೆ ಅಧ್ಯಕ್ಷರಿಗಷ್ಟೇ ಹೋಗಿರಲಿಲ್ಲ. ಕಾಂಪೌಂಡಿನ ಒಡಕಿನಿಂದ ಒಂದು ಹಸುವೂ ಬಂದಿತ್ತು. ನಾನು ಕೂಗುವಷ್ಟರಲ್ಲಿ ಅಧ್ಯಕ್ಷರು ಹಸುವಿನ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು. ಹಸು ಟವೆಲ್ಲಿನ ತುದಿಯನ್ನು ಜಗಿಯುತ್ತಿತ್ತು. ಸರ್ ಚಪ್ಪಾಳೆ ತಟ್ಟಿದರು. "ಸಂಪರ್ಕ ಆತು! ಗುರಿ ತಪ್ಪಿದ್ರೂ ಸಂಪರ್ಕ ಆತು ನೋಡ್ರಿ!"

ಅಧ್ಯಕ್ಷರು ನಕ್ಕುಬಿಟ್ಟರು, ಒಳ್ಳೆಯವರು. ನಾನು ನಗಲಿಲ್ಲ. ನನ್ನ ತಲೆಗೆ ಏರಿದ್ದ ರಕ್ತ ಇಳಿಯಲಿಲ್ಲ. ಸರ್ ಅವರನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ.

"ಯಾರ್ರೀ ನೀವು ಇಲ್ಲಿ? ನಿಮ್ಮ ಕೆಲಸ ಮುಗದೈತಿ. ನಿಮ್ಮನ್ನ ಯಾರೂ ಕರದಿಲ್ಲ. ನೀವು ಬಂದ್ರ ಎಲ್ಲರಿಗೂ ತಲಿನೋವು. ಈ ಕುರ್ಚಿ ಬ್ಯಾರೇರಿಗೆ ಕೊಟ್ಟಾಗೈತಿ. ಹೋಗ್ರಿ! ಮತ್ತ ಮುಖ ತೋರಸಬ್ಯಾಡ್ರಿ!"

ಸರ್ ಈ ಸಲ ತಲೆ ಓರೆ ಮಾಡಲಿಲ್ಲ. ಉಪ್ಪು ಎನ್ನಲಿಲ್ಲ. ಅಂಗಿಯ ಗುಂಡಿಯೊಂದನ್ನು ಬಿಚ್ಚಿ, ಸರಿಯಾದ ತೂತಿಗೆ ಹಾಕಿಕೊಂಡರು. ಹಾಗೆ ಹಾಕಿಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಅರ್ಧ ಕುಡಿದ ಚಹಾ ಬಿಟ್ಟು ಹೊರಟರು. ಗೇಟಿನವರೆಗೆ ಹೋಗಿ ನೋಡಿ ಬಂದ ಖಾಜಾಸಾಬ್ ಹೇಳಿದ: "ಸಾಬ್, ಸರ್ಕಲ್ ಒಂದು ಸುತ್ತೂ ಹಾಕಲಿಲ್ರೀ. ಸೀದಾ ಹೋದ್ರು."

ಎಲ್ಲರೂ ನಾನು ಕೊಟ್ಟ ಮಾತು ನಡೆಸಿಕೊಟ್ಟೆನೆಂದು ಹೊಗಳಿದರು. ನಾನೂ ಹೌದೆಂದೆ. ಆದರೆ ಅವತ್ತು ನಾನು ಮಾತು ನಡೆಸಿಕೊಡಲಿಲ್ಲ. ಮಾತು ನನಗೆ ನೆನಪೇ ಇರಲಿಲ್ಲ. ನನಗೆ ನಿಜವಾಗಿಯೂ ಅವರು ಬೇಡವಾಗಿದ್ದರು, ಆ ಒಂದು ಗಳಿಗೆಯ ಮಟ್ಟಿಗೆ. ಅವರಿಗೆ ಅದು ತಿಳಿಯಿತೇ, ನಾಟಕವೆಂದುಕೊಂಡರೇ? ನಾಲ್ಕು ವರ್ಷ ಈ ಪ್ರಶ್ನೆ ನನ್ನನ್ನು ತಿಂದಿತು. ಒಂದು ಸಲ ಕುರುಗೋಡಿನ ಬಸ್ಸು ಹತ್ತಿ ಕೂತು, ಕಂಡಕ್ಟರು ಬರುವ ಮೊದಲೇ ಇಳಿದುಬಂದೆ. ವರ್ಷಕ್ಕೊಮ್ಮೆ ಮೊಟ್ಟೆ ಬಂದಾಗ ಗ್ರಂಥಾಲಯದಲ್ಲಿ ಅಡಗಿಕೊಳ್ಳುತ್ತಿದ್ದೆ. ಹೇಡಿತನ ಎಂದರೆ ಇದೇ. ಆ ಕುರ್ಚಿಗೆ ಇವತ್ತಿನವರೆಗೂ ಯಾರೂ ಬಂದಿಲ್ಲ, ಹುದ್ದೆ ಖಾಲಿಯೇ ಇದೆ. ಬೇರೆಯವರಿಗೆ ಕೊಟ್ಟಾಗಿದೆ ಎಂದದ್ದೂ ಸುಳ್ಳೇ ಆಗಿತ್ತು.

ನಿನ್ನೆ ಮಾತ್ರ ಹುಲಿಗೆಮ್ಮ ನನ್ನನ್ನೇ ಹುಡುಕಿಕೊಂಡು ಬಂದಿದ್ದಳು. "ಈ ಸಲ ಕನ್ನಡ ಮಾಸ್ತರ ಕೈಯಾಗ ಕೊಡು ಅಂದಿದ್ರ್ರಿ," ಎಂದಳು. ಅವಳನ್ನು ಸರ್ ಅವರ ಕುರ್ಚಿಯಲ್ಲೇ ಕೂರಿಸಿದೆ. ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಹುಲಿಗೆಮ್ಮಾ, ಅವ್ರಿಗೆ ನನ್ನ ಮ್ಯಾಲ ಸಿಟ್ಟಿತ್ತೇನು? ಅವತ್ತು ಬೈದಿದ್ದೆನಲ್ಲ. ಅದು ನಾಟಕ. ಅವ್ರ ಹೇಳಿದ್ರು ಬೈ ಅಂತ."

ಹುಲಿಗೆಮ್ಮ ನನ್ನನ್ನು ಕರುಣೆಯಿಂದ ನೋಡಿದಳು.

"ನಾಟಕ ಅಂತ ಹೇಳ್ತಾರ, ನಂಬಬ್ಯಾಡ ಅಂದಿದ್ರ್ರಿ ಮಾಸ್ತರ. 'ಅವ್ರಿಗೆ ನಾಟಕ ಬರಂಗಿಲ್ಲ, ಮೀಸಿ ಉದುರತೈತಿ. ಅವತ್ತ ಖರೇನ ಬೈದ್ರು. ಖರೇ ಬೈದಿದ್ದಕ್ಕ ನಾನು ಈ ಊರು ಮುಟ್ಟಿದೆ. ನಾಟಕ ಆಗಿದ್ರ ಮರುದಿನ ಮತ್ತ ಚಾ ಕುಡಿಯಾಕ ಹೋಗಿರ್ತಿದ್ದೆ,' ಅಂತಿದ್ರು."

"ನೋವಾಗಿತ್ತಾ?"

"ಆಗದ ಇರತೈತೇನ್ರಿ? ಎರಡು ದಿನ ಉಣಲಿಲ್ಲ. ಗ್ವಾಡಿಗೆ ಮುಖ ಮಾಡಿ ಮಕ್ಕೊಂಡಿದ್ರು. ಮೂರನೇ ದಿನಕ್ಕ ಹುಡುಗರು ತತ್ತಿ ಬುಟ್ಟಿ ತಂದು ಹಾಸಿಗಿ ಪಕ್ಕಕ್ಕ ಇಟ್ಟು, 'ಇಲ್ಲೇ ಇರ್ರಿ ಸರ್' ಅಂದ್ವು. ಎದ್ದು ಕುಂತ್ರು. ಆಮ್ಯಾಲ ಎಲ್ಲಿಗೂ ಹೋಗಲಿಲ್ಲ. ನಾಲ್ಕು ವರ್ಷ ನಕ್ಕೋತ ಇದ್ರ್ರಿ."

ನಾನು ಅತ್ತೆ. ಮೇಜಿನ ಮೇಲೆ ಹನ್ನೆರಡು ಮೊಟ್ಟೆಗಳನ್ನಿಟ್ಟುಕೊಂಡು, ಐವತ್ತು ದಾಟಿದ ಮನುಷ್ಯ, ಬಿಕ್ಕಿ ಬಿಕ್ಕಿ ಅತ್ತೆ. ಹೋಗ್ರಿ ಅನ್ನುವುದು ನನ್ನ ಪಾಲಿಗೆ ಬಂದಿತ್ತು, ಇರ್ರಿ ಅನ್ನುವುದು ಆ ಹುಡುಗರ ಪಾಲಿಗೆ. ಖಾಜಾಸಾಬ್ ಬಾಗಿಲಲ್ಲಿ ಇಣುಕಿ, ಮೊಟ್ಟೆಗಳನ್ನು ನೋಡಿ, ನನ್ನನ್ನು ನೋಡಿ, ಮೂರು ಚಹಾ ಹೇಳಲು ಹೋದ. ಹೋಗುವ ಮೊದಲು ಮೊಟ್ಟೆಗಳನ್ನು ಹಳೆಯ ಕಾವುಪೆಟ್ಟಿಗೆಯೊಳಗೆ ಇಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಯಾರೂ ಪೆಟ್ಟಿಗೆಯ ಕಡೆ ನೋಡಲಿಲ್ಲ, ಹೊರಗೂ ಅದೇ ಕಾವು.

ಚಹಾ ಮುಗಿಸಿ ಹುಲಿಗೆಮ್ಮ ಖಾಲಿ ಬುಟ್ಟಿ ಕಂಕುಳಿಗೆ ಏರಿಸಿದಳು. "ಮನ್ಯಾಗ ಕೋಳಿ ಕೆಳಗ ಇನ್ನೊಂದು ಡಜನ್ ಇಟ್ಟು ಬಂದೀನ್ರಿ. ಬುಧವಾರಕ್ಕ ಎರಡು ದಿನ ಆಗತೈತಿ. ಒಡೆದು ತೋರ್ಸಾಕ ಯಾರೂ ಇಲ್ಲ. ನೀವು ಬರ್ರಿ."

"ನಾನು ಕನ್ನಡದವನವ್ವಾ. ನನಗ ಮಿದುಳು ಯಾವುದು, ಹಳದಿ ಯಾವುದು ಅಂತ ತಿಳಿಯಂಗಿಲ್ಲ."

"ಹುಡುಗರಿಗೆ ಎಲ್ಲಾ ತಿಳಿದೈತಿ, ಅವ ನಿಮಗ ತೋರಸ್ತಾವು. ಮಾಸ್ತರ ಅನ್ನೋರು ಒಬ್ರು ಮುಂದ ಕುಂತಿರಬೇಕು, ಅಷ್ಟ. ಬರ್ರಿ."

"ಬರ್ತೀನಿ. ಬಸ್ ಸ್ಟ್ಯಾಂಡಿಂದ ಮನಿಗೆ ದಾರಿ ಹೆಂಗ?"

"ದಾರಿ ಏನ್ ಕೇಳ್ತೀರ್ರೀ? ಬಸ್ ಇಳೀರಿ, ಕೋಳಿ ವಾಸನಿ ಹಿಡಕೊಂಡು ಬರ್ರಿ. ಫಿನಾಯಿಲ್ ವಾಸನಿ ಬಂತಂದ್ರ ಆಸ್ಪತ್ರಿ, ಹಿಂದಕ್ಕ ಹೊಳ್ಳ್ರಿ," ಎಂದು ಹುಲಿಗೆಮ್ಮ ಮೆಟ್ಟಿಲಿಳಿದಳು.

ನಾಳೆ ಬುಧವಾರ. ನಿನ್ನೆಯಿಂದ ಅತ್ತು ಅತ್ತು ನನ್ನ ಮೂಗು ಪೂರ್ತಿ ಕಟ್ಟಿದೆ. ಒಂದು ವಾಸನೆಯೂ ಬರುತ್ತಿಲ್ಲ. ಆದರೂ ಹೋಗುತ್ತೇನೆ.